ಆರ್ವಿಲ್ ಮೇಷ್ಟ್ರ ಟೋಪಿ

ನನ್ನನ್ನು ಬಲ್ಲವರು ನಾನು ಹೇಳುವುದರಲ್ಲಿ ಅರ್ಧ ಮಾತ್ರ ನಂಬುತ್ತಾರೆ. ಯಾವ ಅರ್ಧ ಎಂಬುದರಲ್ಲಿ ಅವರಲ್ಲೇ ಒಮ್ಮತವಿಲ್ಲ. ಇದನ್ನು ಮಾತ್ರ ಪೂರ್ತಿ ನಂಬಿ, ಇದು ನಡೆದದ್ದು. ನಡೆದಾಗ ಕೋಣೆಯಲ್ಲಿ ಮೂವರಿದ್ದೆವು. ಒಬ್ಬರಿಗೆ ಸುಳ್ಳು ಹೇಳಲು ಬಾರದು, ಇನ್ನೊಬ್ಬಳಿಗೆ ಸುಳ್ಳು ಹೇಳುವಷ್ಟು ಪುರುಸೊತ್ತಿಲ್ಲ. ಉಳಿದವನು ನಾನು.

ರಿಚ್‌ಲ್ಯಾಂಡಿನ ಆಚೆ, ಕೊಲಂಬಿಯಾ ನದಿಯ ಪಕ್ಕದ ಬಯಲಿನಲ್ಲಿ, ನಮ್ಮ ಅಜ್ಜಂದಿರ ಕಾಲದಲ್ಲಿ ಅಣುಬಾಂಬಿಗೆ ಬೇಕಾದ ಸಾಮಾನು ಬೇಯಿಸುತ್ತಿದ್ದರು. ಅಡುಗೆಯವರು ಹೋದರು, ಎಂಜಲು ಪಾತ್ರೆ ಉಳಿಯಿತು. ಅದನ್ನು ತೊಳೆಯುವುದು ಮೊಮ್ಮಕ್ಕಳ ಪಾಲಿಗೆ ಬಂತು. ಆ ಬಯಲಿನ ಬೇಲಿಯೊಳಗೆ ಕಾಲಿಡುವ ಮೊದಲು ಪೈಪಿನವರು, ವೈರಿಂಗಿನವರು, ಬಡಗಿಗಳು, ಲಾರಿಯವರು ಎಲ್ಲರೂ ನಮ್ಮ ತರಬೇತಿ ಶಾಲೆಗೆ ಬರಬೇಕು. ಕಲಿಸುವವರೂ ಅವರ ಪೈಕಿಯವರೇ. ಕೋಟು ತೊಟ್ಟವರು ಕಲಿಸಿದರೆ ನಮ್ಮವರು ಗೊರಕೆ ಹೊಡೆಯುತ್ತಾರೆ.

ನಾವು ಕಲಿಸುವುದರಲ್ಲಿ ಮುಖ್ಯವಾದದ್ದು ಬಟ್ಟೆ ಬಿಚ್ಚುವುದು. ಹುಟ್ಟಿದ ಮಗುವೂ ಎರಡು ವರ್ಷಕ್ಕೆ ಕಲಿಯುವ ವಿದ್ಯೆಯನ್ನು ನಾವು ಮೂವತ್ತು, ನಲವತ್ತು ವರ್ಷದವರಿಗೆ ಎರಡು ವಾರ ಹೇಳಿಕೊಡುತ್ತೇವೆ. ಕಣ್ಣಿಗೆ ಕಾಣದ ವಿಕಿರಣದ ಧೂಳು ಮೇಲಿನ ಸೂಟಿನ ಮೇಲೆ ಕೂತಿರುತ್ತದೆ. ಅದು ಮೈಗೆ ತಾಗದಂತೆ ಮೊದಲು ಟೇಪು, ಆಮೇಲೆ ಹೊರಗಿನ ಗ್ಲೌಸು, ತಲೆಗವಸು, ಮಾಸ್ಕು, ಸೂಟು, ಕಾಲುಚೀಲ, ಕೊನೆಗೆ ಒಳಗಿನ ಗ್ಲೌಸು. ಈ ಕ್ರಮದಲ್ಲಿ ಒಂದೊಂದೇ ಕಳಚಿ, ಹಳದಿ ಹಗ್ಗ ದಾಟಿ ಚೊಕ್ಕ ಚಾಪೆಯ ಮೇಲೆ ಕಾಲಿಡಬೇಕು. ಇಷ್ಟು ಬಿಚ್ಚುಮನಸ್ಸಿನ ಶಾಲೆ ಇನ್ನೆಲ್ಲೂ ಇಲ್ಲ.

ಪರೀಕ್ಷೆಗೆ ನಿಜವಾದ ಧೂಳಿನ ಬದಲು ಒಂದು ಪುಡಿ ಬಳಸುತ್ತೇವೆ. ಮಕ್ಕಳ ಮೈಗೆ ಹಚ್ಚುವ ಪೌಡರಿನಷ್ಟೇ ನಿರುಪದ್ರವಿ. ಸಾದಾ ಬೆಳಕಿನಲ್ಲಿ ಕಾಣುವುದಿಲ್ಲ, ನೀಲಿ ದೀಪ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಬಿಚ್ಚಿ ಮುಗಿಸಿದ ಮೇಲೆ ದೀಪ ಹಿಡಿಯುತ್ತೇವೆ. ಮೈಮೇಲೋ ಒಳಗಿನ ಅಂಗಿಯ ಮೇಲೋ ಒಂದು ಚುಕ್ಕೆ ಹೊಳೆದರೂ ಫೇಲ್. ಮೂರು ಸಲ ಫೇಲಾದರೆ ಕೋರ್ಸಿನಿಂದ ಹೊರಗೆ, ಮತ್ತೆ ಒಂದು ವರ್ಷ ಬರುವಂತಿಲ್ಲ.

ದೊಡ್ಡ ಮೇಷ್ಟ್ರು ಆರ್ವಿಲ್ ಸ್ಟಾಂಪರ್. ಎಪ್ಪತ್ತು ವರ್ಷ, ಹಿಂದೆ ಪೈಪಿನ ಕೆಲಸ, ತಲೆ ನುಣ್ಣಗೆ, ಗಲ್ಲ ಅದಕ್ಕಿಂತ ನುಣ್ಣಗೆ. ಮಾಸ್ಕಿನ ಅಂಚಿಗೆ ಒಂದು ಕೂದಲು ಸಿಕ್ಕರೂ ಗಾಳಿ ನುಸುಳುತ್ತದೆಂದು ಭಾನುವಾರವೂ ಎರಡು ಸಲ ಕ್ಷೌರ ಮಾಡಿಕೊಳ್ಳುವ ಮನುಷ್ಯ. ತಲೆಯ ಮೇಲೆ ಕಾರ್ಮಿಕ ಸಂಘದ ಹಳೆಯ ನೀಲಿ ಟೋಪಿ. ಯೋಚನೆ ಬಂದಾಗ ಟೋಪಿ ತೆಗೆದು, ಬೋಳುತಲೆ ಉಜ್ಜಿ, ಮತ್ತೆ ಹಾಕಿಕೊಳ್ಳುತ್ತಾರೆ. ಕಲಿಯುವವರ ಕೈ ಕುಲುಕಿದವರಲ್ಲ. "ಈ ಕೋಣೆಯಲ್ಲಿ ಯಾರೂ ಯಾರನ್ನೂ ಮುಟ್ಟೋಹಾಗಿಲ್ಲ" ಎಂಬುದು ಅವರೇ ಮಾಡಿದ ಕಾನೂನು. ಪ್ರತಿ ತಂಡದ ಕೊನೆಯ ದಿನ ತಾವೇ ಸೂಟು ತೊಟ್ಟು, ಪುಡಿಯಲ್ಲಿ ಹೊರಳಾಡಿ, ಬಿಚ್ಚಿ, ನೀಲಿ ದೀಪದ ಕೆಳಗೆ ಕೈ ಚಾಚಿ ನಿಲ್ಲುತ್ತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಚುಕ್ಕೆ ಹೊಳೆದಿರಲಿಲ್ಲ. ಇದು ನಡೆದ ಶುಕ್ರವಾರ ಅವರು ನಿವೃತ್ತರಾಗುವವರಿದ್ದರು.

ನಾನು ಅವರ ಕೈಕೆಳಗಿನವನು, ಕ್ಲೈಡ್ ಬರ್ಗ್‌ಸ್ಟ್ರಾಮ್. ಆ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಇದೆ. ಎಲ್ಲರೂ ಕರೆಯುವುದು ಗಿಳಿ ಎಂದು. ಕೇಳಿದ್ದನ್ನು ಹಾಗೇ ಹೇಳುವ ಚಟ. ವಿಕಿರಣ ಅಳೆಯುವ ಕೌಂಟರಿನ ಟಿಕ್ ಟಿಕ್ಕನ್ನು ನಾಲಿಗೆಯಲ್ಲೇ ಹೊಡೆದು ಒಬ್ಬ ಇನ್ಸ್‌ಪೆಕ್ಟರು ತನ್ನ ಊಟದ ಡಬ್ಬಿಯನ್ನೇ ಎಸೆಯುವಂತೆ ಮಾಡಿದ್ದೇನೆ.

ಈ ಚಟವೇ ಮಾರಿಸೆಲಾಳ ಪಾಲಿಗೆ ಮುಳುವಾಯಿತು.

ಮಾರಿಸೆಲಾ ಒಚೋವಾ ನದಿಯಾಚೆ ಪಾಸ್ಕೋದವಳು, ಇಪ್ಪತ್ತಾರು ವರ್ಷ, ವೈರಿಂಗ್ ಕೆಲಸ. ಕೈಯಲ್ಲಿ ಇಕ್ಕಳ ಕೊಟ್ಟರೆ ಕಣ್ಣುಮುಚ್ಚಿ ತಂತಿ ಸೇರಿಸುತ್ತಾಳೆ. ಆದರೆ ಮಾಸ್ಕು ತೆಗೆದ ಕೂಡಲೇ ಬೆವರಿದ ಹಣೆಯ ಮೇಲಿನ ಕೂದಲನ್ನು ಮಣಿಕಟ್ಟಿನಿಂದ ಹಿಂದಕ್ಕೆ ತಳ್ಳುವ ಅಭ್ಯಾಸ. ಮೊದಲ ಪರೀಕ್ಷೆಯಲ್ಲಿ ಹಣೆಯ ಮೇಲೆ ಹಸಿರು ಬಾಲಚಂದ್ರ ಮೂಡಿತು. ಫೇಲ್. ಬುಧವಾರ ಎರಡನೆಯದು. ಆ ದಿನ ಮಾಸ್ಕು ಕಳಚಿದಳು, ಕೈ ಮೇಲೇರಲಿಲ್ಲ. ಅವಳ ಮುಖದಲ್ಲಿ ಭಯ ಕಂಡಿತು. ಹಗುರ ಮಾಡೋಣವೆಂದು ಆರ್ವಿಲ್ ಮೇಷ್ಟ್ರ ಗಂಟಲಿನಲ್ಲಿ ಮೆಲ್ಲಗೆ ಹೇಳಿದೆ: "ನಿಧಾನಾ ಕಣಮ್ಮಾ... ನಂಗೇನು ಅರ್ಜೆಂಟಿಲ್ಲ... ನನ್ನ ನಿವೃತ್ತಿ ಶುಕ್ರವಾರಾ..."

ಅವಳಿಗೆ ನಗು ಉಕ್ಕಿ ಬಂತು. ನಗುವಿಗೆ ಕಣ್ಣಲ್ಲಿ ನೀರು ಬಂತು. ಕಣ್ಣು ಒರೆಸಿಕೊಂಡಳು, ಗ್ಲೌಸಿನ ಕೈಯಿಂದ.

ಮೇಷ್ಟ್ರು ದೀಪ ಹಿಡಿದರು. ಎಡಗಣ್ಣಿನ ಸುತ್ತ ಹಸಿರು ಉಂಗುರ.

"ಗಿಳಿ," ಎಂದರು ನನ್ನ ಕಡೆ ನೋಡದೆ, "ಶುಕ್ರವಾರ ನೀನು ಬಾಯಿಗೆ ಟೇಪು ಹಚ್ಕೊಂಡು ಬಾ. ಅಂಚು ಮಡಚಿ ಹಚ್ಕೋ, ಕೀಳೋಕೆ ಸುಲಭ ಆಗುತ್ತೆ."

ಅದೇ ಸಂಜೆ ನಾಲ್ಕಕ್ಕೆ ಗೇಟಿನ ಬಳಿ ಅವಳ ಅಮ್ಮನ ಪಿಕಪ್ ಗಾಡಿ ನಿಂತಿತ್ತು. ಒಳಗೆ ಅವಳ ಏಳು ತಿಂಗಳ ಮಗ ತಾದೆಯೋ ಬಯಲೆಲ್ಲ ಕೇಳುವಂತೆ ಅಳುತ್ತಿದ್ದ. ನಾನು ಕ್ಷಮೆ ಕೇಳಲೆಂದು ಬಂದಿದ್ದೆ. ಮಾರಿಸೆಲಾಳ ಸುಳಿವಿಲ್ಲ.

"ಸ್ನಾನ ಮಾಡ್ತಿದಾಳೆ," ಎಂದರು ಅವಳ ಅಮ್ಮ, ಮಗುವನ್ನು ತೊಡೆಯ ಮೇಲೆ ಕುಣಿಸುತ್ತ. "ದಿನಾ ಇಲ್ಲಿ ಅರ್ಧ ಗಂಟೆ. ಮನೇಲಿ ಇನ್ನರ್ಧ ಗಂಟೆ. ಆಮೇಲೂ ಎತ್ಕೊಳ್ಳಲ್ಲ ಕಣಪ್ಪಾ. ಪಕ್ಕದಲ್ಲಿ ಕೂತು ನೋಡ್ತಾಳೆ. ಎರಡು ವಾರ ಆಯ್ತು, ಇವನಿಗೆ ಒಂದು ಮುತ್ತು ಕೊಟ್ಟಿಲ್ಲ. ಏನಪ್ಪಾ ಹಚ್ತೀರಾ ಅಲ್ಲಿ?"

"ಬಣ್ಣದ ಪುಡಿ ಕಣಮ್ಮಾ. ತಿಂದರೂ ಏನೂ ಆಗಲ್ಲ."

"ಅದನ್ನ ಅವಳಿಗೆ ಹೇಳು."

ಅಷ್ಟರಲ್ಲಿ ಮಾರಿಸೆಲಾ ಬಂದಳು. ಕೂದಲಿಂದ ನೀರಿಳಿಯುತ್ತಿತ್ತು, ಕೈಗಳು ಉಜ್ಜಿ ಉಜ್ಜಿ ಕೆಂಪಾಗಿದ್ದವು. ಮಗು ತೋಳು ಚಾಚಿತು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಬಣ್ಣದ ಪುಡಿ ಅಂತ ನಂಗೂ ಗೊತ್ತು, ಗಿಳಿ," ಎಂದಳು. "ಇವತ್ತು ಬಣ್ಣ. ಮುಂದಿನ ತಿಂಗಳು ಅದು ನಿಜವಾದ್ದು. ನನ್ನ ಕೈ ಯಾವಾಗ ಮೇಲೆ ಹೋಗುತ್ತೋ ನಂಗೇ ಗೊತ್ತಾಗಲ್ಲ. ನನ್ನ ಕೈಯನ್ನ ನಾನೇ ನಂಬಲ್ಲ ಅಂದ್ಮೇಲೆ ಇವನನ್ನ ಹೇಗೆ ಎತ್ಕೊಳ್ಳಲಿ? ಶುಕ್ರವಾರ ಒಂದು ಚುಕ್ಕೆ ಇಲ್ಲದೆ ಹೊರಗೆ ಬಂದರೆ ನಂಬ್ತೀನಿ. ಇಲ್ಲಾಂದ್ರೆ ಕೆಲಸಾನೂ ಬೇಡ."

"ನನ್ನಿಂದ ತಪ್ಪಾಯ್ತು ಕಣೇ."

"ಆಯ್ತು," ಎಂದು ನಕ್ಕಳು. "ಆದ್ರೆ ಮೇಷ್ಟ್ರನ್ನ ಚೆನ್ನಾಗಿ ಮಾಡ್ತೀಯಾ."

ಇಷ್ಟಾದ ಮೇಲೆ ಬುದ್ಧಿಯಿರುವವನು ತೆಪ್ಪಗಿರುತ್ತಾನೆ. ನಾನು ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀರುವಿನಿಂದ ಇನ್ನೊಂದು ಡಬ್ಬಿ ತೆಗೆದೆ. ಅದು ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಪುಡಿ, ಬೇರೆ ತರಗತಿಗೆಂದು ಇಟ್ಟದ್ದು. ಮಾರಿಸೆಲಾಳ ಪರೀಕ್ಷೆ ಹಸಿರಿನಲ್ಲಿ ನಡೆಯುವುದರಿಂದ ಎರಡೂ ಕಲೆಯಬಾರದೆಂಬ ಎಚ್ಚರಿಕೆ ನನಗಿತ್ತು, ಅಷ್ಟು ಮಟ್ಟಿಗೆ ನಾನೂ ತರಬೇತಿ ಪಡೆದವನೇ. ಹಿಂದಿನ ಸಂಜೆ ಗೂಟಕ್ಕೆ ನೇತುಹಾಕಿ ಹೋಗಿದ್ದ ಮೇಷ್ಟ್ರ ನೀಲಿ ಟೋಪಿಯ ಒಳಪಟ್ಟಿಗೆ ಒಂದು ಚಿಟಿಕೆ ಉದುರಿಸಿದೆ. ಮಧ್ಯಾಹ್ನ ಬೀಳ್ಕೊಡುಗೆಯ ಕೇಕಿಗೆ ಎಲ್ಲ ಸೇರಿದಾಗ ಅವರು ದೀಪದ ಕೆಳಗೆ ಕೈ ಚಾಚಿ ನಿಲ್ಲಬೇಕು, ಬೋಳುತಲೆ ಕಿತ್ತಳೆಹಣ್ಣಿನಂತೆ ಹೊಳೆಯಬೇಕು. ಜನ ಇನ್ನೊಬ್ಬರಿಗೆ ಬೇರೆ ಟೋಪಿ ತಂದು ಹಾಕುತ್ತಾರೆ. ನಾನು ಅವರದೇ ಟೋಪಿಯಲ್ಲಿ ಅವರಿಗೆ ಟೋಪಿ ಹಾಕಿದೆ.

ಹತ್ತು ಗಂಟೆಗೆ ಮಾರಿಸೆಲಾ ಬಂದಳು. ಉಳಿದವರೆಲ್ಲ ಗುರುವಾರವೇ ಪಾಸಾಗಿದ್ದರು. ನಾನು ಪರೀಕ್ಷೆಯ ಕೋಣೆಯಲ್ಲಿ ಪೈಪುಗಳಿಗೆ ಹಸಿರು ಪುಡಿ ಹಚ್ಚುತ್ತಿದ್ದೆ, ಅವಳು ಪಕ್ಕದ ಕೋಣೆಯಲ್ಲಿ ಸೂಟು ತೊಡುತ್ತಿದ್ದಳು, ಮೇಷ್ಟ್ರು ಜೊತೆಗಿದ್ದರು. ಅಲ್ಲಿ ಏನಾಯಿತೆಂದು ನಾನು ನೋಡಲಿಲ್ಲ.

ಪರೀಕ್ಷೆ ಶುರುವಾಯಿತು. ಪುಡಿ ಹಚ್ಚಿದ ಪೆಟ್ಟಿಗೆಯೊಳಗೆ ಕೈಯಿಟ್ಟು ನಾಲ್ಕು ಬೋಲ್ಟು ಬಿಗಿದಳು, ತಂತಿ ಜೋಡಿಸಿದಳು, ಹಗ್ಗದ ಬಳಿ ಬಂದಳು. ನನ್ನ ಬಾಯಿಗೆ ನಿಜಕ್ಕೂ ಟೇಪು ಹಚ್ಚಿಕೊಂಡಿದ್ದೆ. ಮಣಿಕಟ್ಟಿನ ಟೇಪು ಕಿತ್ತಳು. ಹೊರಗಿನ ಗ್ಲೌಸನ್ನು ಒಳಗು ಹೊರಗಾಗಿಸಿ ಎಳೆದಳು. ತಲೆಗವಸು ಹಿಂದಕ್ಕೆ ಸರಿಯಿತು. ಉಸಿರು ಬಿಟ್ಟು, ಮುಂದಕ್ಕೆ ಬಾಗಿ ಮಾಸ್ಕು ಕಳಚಿದಳು. ಹಣೆಯ ಮೇಲೆ ಕೂದಲು ಅಂಟಿತ್ತು, ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಬಲಗೈ ಎದೆಯವರೆಗೆ ಎದ್ದಿತು.

ನಿಂತಿತು. ಕೆಳಗಿಳಿಯಿತು.

ಮುಂದೆಲ್ಲ ನೀರು ಹರಿದಂತೆ ಸಾಗಿತು. ಸೂಟು ಸುರುಳಿ ಸುತ್ತಿ ಬುಟ್ಟಿ ಸೇರಿತು, ಕಾಲುಗಳು ಒಂದೊಂದಾಗಿ ಚಾಪೆಗೆ ಬಂದವು, ಗ್ಲೌಸು ಕೊನೆಗೆ. ಬಿಳಿ ಬನಿಯನ್ನಿನಲ್ಲಿ ಕೈ ಚಾಚಿ ನಿಂತಳು. ನಾನು ಲೈಟು ಆರಿಸಿ ಪರದೆ ಎಳೆದೆ. ಮೇಷ್ಟ್ರು ದೀಪ ಹಿಡಿದರು.

"ಹಣೆ." ಕತ್ತಲು. "ಕಣ್ಣು. ಕತ್ತು. ಅಂಗೈ. ಮಗುಚು." ಎಲ್ಲ ಕತ್ತಲು. ಅವರ ದನಿಯೇ ಮೆದುವಾಗತೊಡಗಿತು. "ತಿರುಗು ನೋಡೋಣ."

ತಿರುಗಿದಳು. ಬಲಹೆಗಲ ಮೇಲೆ ಐದು ಬೆರಳು ಬಿಡಿಸಿದ ಒಂದು ಅಂಗೈ ಕಿತ್ತಳೆಯಾಗಿ ಉರಿಯುತ್ತಿತ್ತು.

ಮೇಷ್ಟ್ರು ದೀಪವನ್ನು ಇನ್ನಷ್ಟು ಹತ್ತಿರ ತಂದರು.

"ಏನು?" ಎಂದಳು ಮಾರಿಸೆಲಾ, ಗೋಡೆಗೆ ಮುಖ ಮಾಡಿಕೊಂಡೇ. "ಏನಿದೆ? ಹೇಳಿ."

"ಹೆಗಲು," ಎಂದರು ಮೇಷ್ಟ್ರು. "ಬಣ್ಣ ಬೇರೆ. ಯಾಕೋ ಗೊತ್ತಿಲ್ಲ. ಆದ್ರೆ... ಹೊಳೆದರೆ ಹೊಳೆದ ಹಾಗೇ ಕಣಮ್ಮಾ." ಪೆನ್ನು ತೆಗೆದರು. ಅದರ ಮೊನೆ ಕಾಗದದ ಮೇಲೆ ನಿಂತಿತೇ ಹೊರತು ಮುಂದೆ ಹೋಗಲಿಲ್ಲ.

"ನಾನು ಹೆಗಲು ಮುಟ್ಕೊಂಡೇ ಇಲ್ಲ." ಅವಳ ದನಿ ಖಾಲಿಯಾಗಿತ್ತು. "ಸರಿ ಬಿಡಿ. ನಂಗೇ ಗೊತ್ತಾಗದ ಹಾಗೆ ಮುಟ್ಕೊಂಡಿರ್ತೀನಿ. ಅದನ್ನೇ ಅಲ್ವಾ ನಾನು ಹೇಳಿದ್ದು."

ನಾನು ಬಾಯಿಯ ಟೇಪು ಪರಕ್ಕನೆ ಕಿತ್ತೆ. ಅಂಚು ಮಡಚಿರಲಿಲ್ಲ, ಮೇಲ್ದುಟಿಯ ಚರ್ಮವೂ ಬಂತು.

"ಬರೀಬೇಡಿ! ಅದು ಅವಳ ಕೈಯಲ್ಲ. ನಿಮ್ಮ ಕೈ."

"ನಾನು ಯಾರನ್ನೂ ಮುಟ್ಟಲ್ಲ ಅಂತ ಊರಿಗೇ ಗೊತ್ತು."

ವಾದ ಬೆಳೆಸುವಷ್ಟು ಹೊತ್ತಿರಲಿಲ್ಲ. ದೀಪ ಕಸಿದುಕೊಂಡು ಅವರ ಮೇಲೆಯೇ ತಿರುಗಿಸಿದೆ.

ಮೊದಲು ಬೋಳುತಲೆ, ಅಂದುಕೊಂಡಂತೆ ಹುಣ್ಣಿಮೆ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಎರಡೂ ಕಿವಿ. ಮೂಗು, ಅದರ ಎರಡೂ ಹೊಳ್ಳೆ ಸಮೇತ. ತುಟಿ. ಗಲ್ಲ. ಕನ್ನಡಕದ ಕಡ್ಡಿ, ಪೆನ್ನು, ಅಂಗಿಯ ಗುಂಡಿ, ಪ್ಯಾಂಟಿನ ಹಿಂದಿನ ಜೇಬು. ಎರಡು ಗಂಟೆಯಲ್ಲಿ ಆ ಮನುಷ್ಯ ತನ್ನನ್ನು ತಾನು ಎಲ್ಲೆಲ್ಲಿ ಮುಟ್ಟಿಕೊಂಡಿದ್ದರೋ ಅದರ ಪೂರ್ತಿ ನಕಾಶೆ ಕತ್ತಲಲ್ಲಿ ನಿಂತು ನಮ್ಮನ್ನು ನೋಡುತ್ತಿತ್ತು.

"ಟೋಪಿಗೆ ನಾನೇ ಹಾಕಿದ್ದು," ಎಂದೆ. "ಕೇಕಿನ ಹೊತ್ತಿಗೆ ತಮಾಷೆ ಮಾಡೋಣ ಅಂತ. ನೀವು ಇವಳನ್ನ ಮುಟ್ತೀರಿ ಅಂತ ಯಾರಿಗೆ ಗೊತ್ತಿತ್ತು?"

ಮಾರಿಸೆಲಾ ತಿರುಗಿದಳು. ಅವರ ಮುಖ ನೋಡಿದಳು. ನಗಲಿಲ್ಲ.

"ಮುಟ್ಟಿದ್ರು," ಎಂದಳು ನನಗೆ. "ಸೂಟು ಹಾಕೋ ಮುಂಚೆ. ನಾನು ಅಳ್ತಾ ಇದ್ದೆ. ಹೆಗಲ ಮೇಲೆ ಕೈಯಿಟ್ಟು ಹೇಳಿದ್ರು, ಅವರ ಮಗಳು ಹುಟ್ಟಿದಾಗ ಅವರೂ ಒಂದು ತಿಂಗಳು ಎತ್ಕೊಂಡಿರಲಿಲ್ವಂತೆ, ಇದೇ ಭಯಕ್ಕೆ. ಈಗ ಅವಳಿಗೆ ನಲವತ್ತಾರಂತೆ. 'ಆ ಒಂದು ತಿಂಗಳು ಬಾಕಿ ಇದೆ ಅಂತ ಈಗ ಎತ್ಕೊಳ್ಳೋಕೆ ಹೋದ್ರೆ ನನ್ನ ಸೊಂಟ ಹೋಗುತ್ತೆ ಕಣಮ್ಮಾ, ನೀನು ಇವತ್ತೇ ಎತ್ಕೋ' ಅಂದ್ರು."

ಮೇಷ್ಟ್ರು ಕೆಮ್ಮಿದರು. ಕೆಮ್ಮುವಾಗ ಬಾಯಿಗೆ ಕೈ ಅಡ್ಡ ಇಟ್ಟರು. ಇನ್ನೊಂದು ಕಿತ್ತಳೆ ಗೀಟು.

"ನೋಡಿ, ಮತ್ತೆ!" ಎಂದಳು ಅವಳು. ಎರಡು ವಾರಗಳಲ್ಲಿ ಅವಳ ದನಿ ಅಷ್ಟು ಹಗುರವಾಗಿ ನಾನು ಕೇಳಿರಲಿಲ್ಲ. "ನಿಮ್ಮ ಕೈಯೂ ಹೇಳ್ದೆ ಕೇಳ್ದೆ ಮೇಲೆ ಹೋಗುತ್ತೆ! ಹತ್ತೊಂಬತ್ತು ವರ್ಷದ ಕೈ!"

"ಎಲ್ಲರದೂ ಹೋಗುತ್ತೆ," ಎಂದರು ಮೇಷ್ಟ್ರು ಬೇಸರದಿಂದ. "ಹಗ್ಗದ ಒಳಗಿರುವಾಗ ಹೋಗ್ದೇ ಇದ್ರೆ ಸಾಕು. ನಿಂದು ಇವತ್ತು ಹೋಗಲಿಲ್ಲ. ನಾನು ನೋಡ್ದೆ. ಎದೆವರೆಗೆ ಬಂತು, ವಾಪಸ್ ಹೋಯ್ತು."

"ಹಾಗಾದ್ರೆ ಪಾಸು!" ಎಂದೆ.

"ನೀನು ಬಾಯಿ ಮುಚ್ಚು. ಇನ್ನೂ ಟೇಪಿದೆಯಾ?"

ನಾನು ಲೈಟು ಹಾಕಿದೆ. ಅವರು ಕಾಗದ ನೋಡುತ್ತ ನಿಂತರು. ನಿಯಮದಲ್ಲಿ ಕಿತ್ತಳೆ, ಹಸಿರು ಎಂಬ ಭೇದವಿಲ್ಲ. ಧೂಳಿಗೂ ಯಾರ ಕೈಯಿಂದ ಬಂದೆ ಎಂಬ ಭೇದವಿಲ್ಲ. ಅದನ್ನು ನಮಗೆ ಕಲಿಸಿದವರೇ ಅವರು. ಮಾರಿಸೆಲಾಗೂ ಅದು ಅರ್ಥವಾಗಿತ್ತು.

"ಸುಮ್ಮನೆ ಪಾಸು ಅಂತ ಬರೀಬೇಡಿ ಮೇಷ್ಟ್ರೇ," ಎಂದಳು. "ಹಾಗೆ ಬರೆದ್ರೆ ನಾನು ಮನೆಗೆ ಹೋಗಿ ಮತ್ತೆ ಕೈ ತೊಳೀತೀನಿ. ಇನ್ನೊಂದು ಸಲ ಬಿಚ್ಚಿ ತೋರಿಸ್ತೀನಿ."

ಮೇಷ್ಟ್ರು ಬರೆದರು. ಆ ಕಾಗದ ಈಗಲೂ ಕಡತದಲ್ಲಿದೆ: ಮೂರನೆಯ ಪರೀಕ್ಷೆ ರದ್ದು. ಕಾರಣ: ಪರೀಕ್ಷಕನ ಮೈ ಶುದ್ಧವಿರಲಿಲ್ಲ. ಕೆಳಗೆ ಅವರದೇ ಸಹಿ. ನನ್ನ ಹೆಸರು ಎಲ್ಲೂ ಇಲ್ಲ. ನಾನು ಬರೆಯಿರಿ ಎಂದೆ, ಅವರು ಕೇಳಲಿಲ್ಲ.

ಬರೆದ ಮೇಲೆ ಸೀದಾ ನಡೆದು ಹಳದಿ ಹಗ್ಗದ ಒಳಗೆ ಹೋಗಿ ಕೂತರು.

"ಅಲ್ಯಾಕೆ?" ಎಂದೆ.

"ಹೊಳೀತಿದೀನಲ್ಲಪ್ಪಾ. ಹೊಳೆಯೋನು ಹೊರಗೆ ಇರೋಹಾಗಿಲ್ಲ."

ಹಗ್ಗದ ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ. ಮಧ್ಯಾಹ್ನ ಕೇಕು ಬಂತು. ಜನ ಬಂದರು. ಮೇಷ್ಟ್ರು ಒಳಗಿನಿಂದಲೇ ಭಾಷಣ ಮಾಡಿದರು, ಏಕೆ ಒಳಗಿದ್ದೇನೆಂದು ಒಂದು ಮಾತೂ ಹೇಳಲಿಲ್ಲ. ಮಾರಿಸೆಲಾಳ ಅಮ್ಮ ಕಳಿಸಿದ್ದ ಬಿಸಿ ತಮಾಲೆ ಕಡುಬುಗಳು ಹಗ್ಗದಿಂದ ಮೂರಡಿ ದೂರದ ಮೇಜಿನ ಮೇಲೆ ಜೋಳದ ಸಿಪ್ಪೆಯೊಳಗೆ ಆವಿಯಾಡುತ್ತಿದ್ದವು. ಮೇಷ್ಟ್ರ ಮೂಗು ಅತ್ತ ತಿರುಗಿತ್ತು, ಕೈಗಳು ಮೊಣಕಾಲ ಮೇಲೇ ಇದ್ದವು. ನಾನೂ ತಿನ್ನಲಿಲ್ಲ. ನನಗೂ ಒಂದು ಚೂರು ಮಾನ ಇದೆ.

ಮಾರಿಸೆಲಾ ಹೆಗಲು ತೊಳೆದು ಬೇರೆ ಬನಿಯನ್ನು ತೊಟ್ಟು ಬಂದಳು, ಮೂರಕ್ಕೆ ಮತ್ತೆ ಪರೀಕ್ಷೆ. ಮೇಷ್ಟ್ರು ಒಳಗಿನಿಂದ ನೋಡಿದರು, ಒರೆಸಿ ಚೊಕ್ಕ ಮಾಡಿದ ದೀಪ ನನ್ನ ಕೈಯಲ್ಲಿತ್ತು. ಮಾಸ್ಕು ಕಳಚಿದಾಗ ಅವಳ ಕೈ ಮತ್ತೆ ಎದ್ದಿತು. ಅವಳು ಆ ಕೈಯನ್ನೇ ನೋಡುತ್ತ, ತೊಟ್ಟಿಲ ಮಗುವಿಗೆ ಹೇಳುವಂತೆ, "ಇರು ಪುಟ್ಟಾ, ಇರು" ಎಂದಳು. ಕೈ ಅಲ್ಲೇ ಉಳಿಯಿತು. ಆಮೇಲೆ ನಾನು ತಲೆಯಿಂದ ಹಿಮ್ಮಡಿಯವರೆಗೆ ಒಂದು ಸಲವಲ್ಲ, ಮೂರು ಸಲ ದೀಪ ಆಡಿಸಿದೆ. ಅವಳು ಮೊದಲ ಸಲ ಉಸಿರು ಬಿಗಿಹಿಡಿದಿದ್ದಳು, ಎರಡನೆಯ ಸಲ ತಾನೇ ತನ್ನ ಅಂಗೈಗಳನ್ನು ತಿರುವಿ ನೋಡಿದಳು, ಮೂರನೆಯ ಸಲ "ಸಾಕು ಬಿಡೋ" ಎಂದಳು. ಚುಕ್ಕೆಯಿಲ್ಲ. ಮಚ್ಚೆಯಿತ್ತು, ಅದು ಹುಟ್ಟಿನಿಂದ ಬಂದದ್ದು.

ನಾನು ಅವಳಿಗೆ ಸ್ನಾನದ ಕೋಣೆಯ ಬಾಗಿಲು ತೆರೆದು ಹಿಡಿದೆ, ಅಭ್ಯಾಸಬಲದಿಂದ. ಅವಳು ಒಳಗೆ ಹೋಗದೆ ಅದರ ಮುಂದಿನಿಂದಲೇ ದಾಟಿ, ಜಾಕೀಟೂ ಹಾಕಿಕೊಳ್ಳದೆ, ಬಯಲಿನ ಗಾಳಿಯಲ್ಲಿ ಗೇಟಿನ ಕಡೆ ಓಡಿದಳು. ಕಿಟಕಿಯಿಂದ ಕಂಡೆವು. ಅಮ್ಮನ ಕೈಯಿಂದ ಮಗುವನ್ನು ಕಸಿದುಕೊಂಡು ಅದರ ಕತ್ತಿನ ಮಡಿಕೆಯಲ್ಲಿ ಮುಖ ಹುದುಗಿಸಿ ನಿಂತಳು. ಎರಡು ವಾರದ ಮುತ್ತುಗಳು ಒಟ್ಟಿಗೇ ಬಿದ್ದದ್ದಕ್ಕೆ ತಾದೆಯೋ ಮೊದಲು ಕಕ್ಕಾಬಿಕ್ಕಿಯಾದ, ಆಮೇಲೆ ಅವಳ ಕೂದಲು ಹಿಡಿದು ಜಗ್ಗಿದ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲೆಲ್ಲಿ ಬಣ್ಣ ಹತ್ತಿತೆಂದು ನಾನು ಹೇಳಲಿಲ್ಲ.

ಅವಳು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಒಳಗೆ ಬಂದಾಗ ಮೇಷ್ಟ್ರು ಹಗ್ಗದೊಳಗಿನ ನಲ್ಲಿಯಲ್ಲಿ ಎರಡು ಸಲ ತಲೆ ತಿಕ್ಕಿ ತೊಳೆದು, ಬೇಯಿಸಿದ ಬೀಟ್‌ರೂಟಿನಂತಾಗಿದ್ದರು.

"ಹತ್ತಿರ ತರಬೇಡ, ಹತ್ತಿರ ತರಬೇಡ!" ಎಂದು ಹಿಂದಕ್ಕೆ ಸರಿದರು.

"ತರಲ್ಲ. ನೀವೇ ಬರ್ತೀರಿ." ನನ್ನ ಕೈಯಿಂದ ನೀಲಿ ದೀಪ ತೆಗೆದುಕೊಂಡಳು. ಲೈಟು ಆರಿತು, ಪರದೆ ಇಳಿಯಿತು. ಅವಳು ಹುಬ್ಬು ಗಂಟಿಕ್ಕಿ, ಗಂಟಲು ದಪ್ಪ ಮಾಡಿ, ಥೇಟ್ ಅವರದೇ ಎಳೆದೆಳೆದು ಆಡುವ ದನಿಯಲ್ಲಿ ಶುರುಮಾಡಿದಳು. ಹನ್ನೆರಡು ವರ್ಷ ಅಭ್ಯಾಸ ಮಾಡಿದ ನನಗೇ ನಾಚಿಕೆಯಾಯಿತು. "ತಲೆ ಬಗ್ಗಿಸೀ... ಹ್ಞೂ. ಮೂಗು... ಪರವಾಗಿಲ್ಲಾ. ಆ ಕಡೆ ಕಿವಿ... ಈ ಕಡೆ ಕಿವಿ ಮಡಚೀ..."

ಮೇಷ್ಟ್ರು ಶಾಲೆಯ ಹುಡುಗನಂತೆ ಕಿವಿ ಮಡಚಿ ಹಿಡಿದರು. ಅದರ ಹಿಂದೆ ಒಂದು ಕಿತ್ತಳೆ ತೊಳೆ ಅಚ್ಚುಕಟ್ಟಾಗಿ ಕೂತಿತ್ತು.

"ಫೇಲ್," ಎಂದಳು ಮಾರಿಸೆಲಾ. "ತುಂಬಾ ಬೇಜಾರಾಗುತ್ತೆ ಕಣಪ್ಪಾ. ಸೋಮವಾರ ಬಂದು ಮತ್ತೆ ಕೋರ್ಸಿಗೆ ಸೇರ್ಕೋ."

ಕತ್ತಲಲ್ಲಿ ಎಲ್ಲಿಂದಲೋ, ಹಳೆಯ ಬಾವಿಯ ರಾಟೆ ತಿರುಗಿದಂತೆ, ಒಂದು ಸದ್ದು ಎದ್ದಿತು. ಹನ್ನೆರಡು ವರ್ಷದಲ್ಲಿ ಅವರ ಕೆಮ್ಮು, ಗೊರಕೆ, ಬೈಗುಳ, ಎಲ್ಲ ಕಲಿತಿದ್ದೆ. ಇದೊಂದನ್ನು ಕೇಳಿಯೇ ಇರಲಿಲ್ಲ. ನಾನು ನಕ್ಕೆ, ಮಾರಿಸೆಲಾ ನಕ್ಕಳು, ತಾದೆಯೋ ಯಾಕೆಂದು ಗೊತ್ತಿಲ್ಲದೆ ಕೇಕೆ ಹಾಕಿದ. ಆದರೆ ನಮ್ಮೆಲ್ಲರ ನಗುವನ್ನೂ ಮುಳುಗಿಸಿ, ಮಡಚಿದ ಕಿವಿಯನ್ನು ಬಿಡದೆ, ಹಗ್ಗದ ಒಳಗೆ ನಿಂತು ಆರ್ವಿಲ್ ಮೇಷ್ಟ್ರು ಹೋ ಹೋ ಎಂದು ನಗುತ್ತಿದ್ದರು.